ದಾರ ಹಾಳಾಗಂಗಿಲ್ಲ ತಂಗಿ

ಶಿರಸಿಯಿಂದ ಫೋನ್ ಬಂದಾಗ ನಾನು ಬಂಗುಡೆ ತೊಳೆಯುತ್ತಿದ್ದೆ. ಕೈ ಒರೆಸಿಕೊಂಡು ಎತ್ತಿದೆ. "ಬೆಳಿಗ್ಗೆ ಅಮ್ಮ ಹೋಗಿಬಿಟ್ಟರು ಅಕ್ಕಾ" ಅಂದಳು ಅವರ ಮಗಳು. ಸ್ವಲ್ಪ ಹೊತ್ತು ಇಬ್ಬರಿಗೂ ಮಾತು ಬರಲಿಲ್ಲ. ಆಮೇಲೆ ನನ್ನ ಬಾಯಿಂದ ಬಂದದ್ದು ಒಂದೇ ಪ್ರಶ್ನೆ. "ಕೈಯಲ್ಲಿ ಏನು ಕೆಲಸ ಇತ್ತು?"

ಬೇರೆಯವರಾಗಿದ್ದರೆ ಬೇಜಾರು ಮಾಡಿಕೊಳ್ಳುತ್ತಿದ್ದರೇನೋ. ಅವಳಿಗೆ ಅರ್ಥವಾಯಿತು. "ಮೊಮ್ಮಗನ ಸ್ವೆಟರು. ಒಂದು ತೋಳು ಮುಗಿದಿತ್ತು" ಅಂದಳು.

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ತಮ್ಮ ಹೆಸರು ನಾಲ್ಕು ಜನರ ಮುಂದೆ ಬರುವುದು ಅವರಿಗೆ ಸೇರುತ್ತಿರಲಿಲ್ಲ. ಚರ್ಚಿನ ಸಭೆಯವರು ಅವರನ್ನು ಅಮ್ಮನೋರು ಅನ್ನುತ್ತಿದ್ದರು. ಅವರ ಯಜಮಾನರು ಸಭಾಪಾಲಕರು, ಅಂದರೆ ಆ ಚರ್ಚಿನ ಪಾದ್ರಿ, ಎಲ್ಲರ ಬಾಯಲ್ಲಿ ಅಯ್ಯನೋರು. ಓಣಿಯ ಹುಡುಗಿಯರಾದ ನಾವು ಮಾತ್ರ ಆಕೆಯನ್ನು ಅಕ್ಕೋರು ಅಂತ ಕರೆಯುತ್ತಿದ್ದೆವು. ನಮ್ಮ ಜಿಲ್ಲೆಯಲ್ಲಿ ಶಾಲೆಯ ಟೀಚರಿಗೆ ಅಕ್ಕೋರು ಅನ್ನುವುದು ರೂಢಿ. ಅವರು ಯಾವ ಶಾಲೆಯಲ್ಲೂ ಕಲಿಸಿದವರಲ್ಲ. ಆದರೂ ಆ ಹೆಸರು ನಿಂತುಬಿಟ್ಟಿತು.

ಅವರು ಕಾರವಾರಕ್ಕೆ ಬಂದಾಗ ನಾನು ಎರಡನೇ ಕ್ಲಾಸು. ನಮ್ಮೂರಲ್ಲಿ ಕ್ರಿಶ್ಚಿಯನ್ನರು ಅಂದರೆ ಜಾಸ್ತಿ ಕೆಥೋಲಿಕರೇ, ಮನೆಮಾತು ಕೊಂಕಣಿ. ಪಾದ್ರಿ ಅಂದರೆ ಬಿಳಿ ನಿಲುವಂಗಿಯ, ಮದುವೆಯಾಗದ ಮನುಷ್ಯ. ನಮ್ಮ ಓಣಿಯ ತುದಿಯಲ್ಲಿದ್ದದ್ದು ಪ್ರಾಟೆಸ್ಟಂಟರ ಚಿಕ್ಕ ದೇವಾಲಯ. ಮೂವತ್ತು ನಲವತ್ತು ಮನೆಗಳ ಸಭೆ. ಒಂದು ದಿನ ಅದರ ಹಿಂದಿನ ಮನೆಗೆ ಲಾರಿ ಬಂತು. ಪಾದ್ರಿಯವರ ಹಿಂದೆ ಹೆಂಡತಿ, ಎರಡು ಮಕ್ಕಳು, ಒಂದು ಹೊಲಿಗೆ ಮಶೀನು ಇಳಿದದ್ದು ನೋಡಿ ಓಣಿಯೆಲ್ಲ ಬಾಯಿ ಬಿಟ್ಟಿತ್ತು. "ಪಾದ್ರಿಗೆ ಹೆಂಡ್ತಿಯಾ?" ಅಂತ ಅಜ್ಜಿ ಎರಡು ದಿನ ಕೇಳುತ್ತಲೇ ಇದ್ದಳು.

ಆ ಮಶೀನನ್ನು ಅವರು ಕೂಲಿಯವರ ಕೈಗೆ ಕೊಡಲಿಲ್ಲ. ಒಂದು ಕಡೆ ತಾವು, ಇನ್ನೊಂದು ಕಡೆ ಅಯ್ಯನೋರು ಹಿಡಿದು ಜಗಲಿಗೆ ತಂದಿಟ್ಟರು. ಅಲ್ಲಿಂದ ಅದು ಒಳಗೆ ಹೋಗಲೇ ಇಲ್ಲ.

ಸಭಾಪಾಲಕರ ಹೆಂಡತಿಯ ಕೆಲಸಕ್ಕೆ ಸಂಬಳ ಇಲ್ಲ, ಆದೇಶ ಇಲ್ಲ, ರಜೆ ಇಲ್ಲ. ಗಂಡನಿಗೆ ವರ್ಗವಾದಾಗ ಹೆಂಡತಿಗೂ ಆಯಿತು. ಸಂಡೇ ಸ್ಕೂಲು, ಮಹಿಳಾ ಕೂಟ, ಹಾಡಿನ ತಾಲೀಮು, ಕಾಯಿಲೆಯವರ ಮನೆ, ಸಾವಿನ ಮನೆ, ಬಾಣಂತಿ ಮನೆ, ಹೊತ್ತಲ್ಲದ ಹೊತ್ತಿಗೆ ಬಾಗಿಲು ಬಡಿಯುವವರಿಗೆ ಚಹಾ. ಇವೆಲ್ಲ ಅವರು ಮಾಡಿದರು. ಬಹಳ ಜನ ಪಾಲಕರ ಹೆಂಡತಿಯರು ಮಾಡುತ್ತಾರೆ, ಯಾರೂ ಲೆಕ್ಕ ಇಟ್ಟಿಲ್ಲ. ನಾನು ಹೇಳಬೇಕೆಂದಿರುವುದು ಆ ಜಗಲಿಯ ಬಗ್ಗೆ.

ಮಧ್ಯಾಹ್ನ ಮೂರಾಯಿತು ಅಂದರೆ ಅವರು ಕ್ರೋಶಾ ಕಡ್ಡಿ ಹಿಡಿದು ಜಗಲಿಯಲ್ಲಿ ಕೂರುತ್ತಿದ್ದರು. ಗೇಟು ತೆರೆದೇ ಇರುತ್ತಿತ್ತು. ಮೊದಲು ಬಂದವರು ನಾವು, ಹುಡುಗಿಯರು. ದಾರವನ್ನು ಎಡಗೈ ತೋರುಬೆರಳಿಗೆ ಸುತ್ತಿಕೊಳ್ಳಬೇಕು. ಬಿಗಿ ಹಿಡಿದರೆ ಕಡ್ಡಿ ಒಳಗೆ ಹೋಗುವುದಿಲ್ಲ. ಸಡಿಲ ಬಿಟ್ಟರೆ ಜೋತುಬೀಳುತ್ತದೆ. ಮೊದಲು ಬರೀ ಸರಪಳಿ, ಒಂದು ಮಾರು ಉದ್ದ. ನನ್ನ ಬೆವರು ಕೈಗೆ ಬಿಳಿ ದಾರ ಕಪ್ಪಾಗುತ್ತಿತ್ತು. ಅವರು ಪೌಡರಿನ ಡಬ್ಬಿ ಮುಂದಿಡುತ್ತಿದ್ದರು. ಹತ್ತು ಸಾಲು ಹಾಕಿದ ಮೇಲೆ ಎರಡನೇ ಸಾಲಿನಲ್ಲಿ ಒಂದು ಕಣ್ಣು ತಪ್ಪಿದ್ದು ಕಂಡರೆ ನನಗೆ ಅಳು. ಅವರು ತುದಿ ಹಿಡಿದು ಸರ್ರನೆ ಎಳೆಯುತ್ತಿದ್ದರು. ಒಂದು ವಾರದ ಕೆಲಸ ಅರೆಗಳಿಗೆಯಲ್ಲಿ ದಾರವಾಗಿ ಮಡಿಲಿಗೆ ಬೀಳುತ್ತಿತ್ತು.

"ಬಿಚ್ಚಿದರ ಏನಾತು? ಮತ್ತ ಹೆಣಿ. ದಾರ ಹಾಳಾಗಂಗಿಲ್ಲ ತಂಗಿ."

ಅವರದು ಧಾರವಾಡ ಕಡೆಯ ಮಾತು. ನಮ್ಮೂರಿಗೆ ಬಂದು ಕೊಂಕಣಿ ಕಲಿತರು, ಅದನ್ನೂ ಧಾರವಾಡದ ರಾಗದಲ್ಲೇ ಆಡುತ್ತಿದ್ದರು. ಕಲಿಸಿದವರು ಮೀನು ಮಾರುವ ಹೆಂಗಸರು. ಪೇಟೆಯಲ್ಲಿ ಮೀನು ಖಾಲಿಯಾದ ಮೇಲೆ ಬುಟ್ಟಿ ಮಗುಚಿಟ್ಟು ಅದೇ ಜಗಲಿಯಲ್ಲಿ ಕಾಲು ಚಾಚುತ್ತಿದ್ದರು. ಒಬ್ಬ ಅಜ್ಜಿ ಕ್ರೋಶಾ ನೋಡಿ, "ಇದು ನಮ್ಮವರ ಬಲೆಯ ಹಾಗೇ ಅಲ್ವಾ" ಅಂದಳಂತೆ. ಅಕ್ಕೋರು ಅಷ್ಟಕ್ಕೆ ಬಿಡುವವರಲ್ಲ. ಮಾರನೇ ದಿನ ದಂಡೆಗೆ ಹೋಗಿ, ಹರಿದ ಬಲೆ ಸರಿಮಾಡುತ್ತಿದ್ದವರ ಪಕ್ಕ ಕೂತು ನೋಡಿ ಬಂದರು. ಬಂದು ನಮಗೆ ವಿವರಿಸಿದರು. ಬಲೆಯಲ್ಲಿ ಒಂದೊಂದು ಕಣ್ಣಿಗೂ ಗಂಟು. ಒಂದು ಕಡೆ ಹರಿದರೆ ಉಳಿದದ್ದು ನಿಲ್ಲಬೇಕಲ್ಲ, ಅದಕ್ಕೆ. ಕ್ರೋಶಾದಲ್ಲಿ ಗಂಟೇ ಇಲ್ಲ. ಕುಣಿಕೆಯೊಳಗೆ ಕುಣಿಕೆ, ಅದರೊಳಗೆ ಇನ್ನೊಂದು. ಅದಕ್ಕೇ ತುದಿ ಎಳೆದರೆ ಪೂರಾ ಬಿಚ್ಚಿಕೊಳ್ಳುತ್ತದೆ.

ಕಸೂತಿಯೂ ಹಾಗೆಯೇ, ಗಂಟು ಹಾಕುವ ಹಾಗಿಲ್ಲ. ಅದು ಅವರ ತವರಿನ ವಿದ್ಯೆ. ಬಟ್ಟೆಯ ಎಳೆ ಎಣಿಸಿ ಸೂಜಿ ಹಾಕಬೇಕು, ಮೊದಲೇ ಗುರುತು ಮಾಡಿಕೊಳ್ಳುವಂತಿಲ್ಲ. ಗವಂತಿ, ಮುರ್ಗಿ, ನೇಗಿ, ಮೆಂತೆ ಅಂತ ನಾಲ್ಕು ಬಗೆ. ಗವಂತಿ ಹೊಲಿಗೆಯಲ್ಲಿ ಹೋದ ದಾರಿಯಲ್ಲೇ ತಿರುಗಿ ಬಂದು ಬಿಟ್ಟ ಜಾಗ ತುಂಬಬೇಕು. ಆಗ ಬಟ್ಟೆಯ ಹಿಂದೂ ಮುಂದೂ ಒಂದೇ ಥರ ಕಾಣುತ್ತದೆ. ನಾವು ಏನಾದರೂ ಹೊಲಿದು ತೋರಿಸಿದರೆ ಅವರು ಮೊದಲು ಬಟ್ಟೆಯನ್ನು ಮಗುಚುತ್ತಿದ್ದರು. ಈಗಲೂ ಅಂಗಡಿಯಲ್ಲಿ ಸೀರೆ ನೋಡುವಾಗ ನನ್ನ ಕೈ ತಾನಾಗಿ ಸೆರಗು ಮಗುಚುತ್ತದೆ.

ದೇವಾಲಯದ ಮೇಜಿನ ಬಟ್ಟೆಗಳನ್ನು ಹೊಲಿದವರೂ ಅವರೇ. ನಾಲ್ಕು ಬಣ್ಣ. ಕ್ರಿಸ್ಮಸ್‌ಗೆ ಮುಂಚಿನ ವಾರಗಳಿಗೆ ಮತ್ತು ಈಸ್ಟರಿಗೆ ಮುಂಚಿನ ಉಪವಾಸದ ಕಾಲವಾದ ಲೆಂಟಿಗೆ ನೇರಳೆ, ಕ್ರಿಸ್ಮಸ್‌ಗೂ ಈಸ್ಟರಿಗೂ ಬಿಳಿ, ಈಸ್ಟರಾದ ಮೇಲೆ ಬರುವ ಪೆಂತೆಕೋಸ್ತ ಹಬ್ಬಕ್ಕೆ ಕೆಂಪು, ಮಿಕ್ಕ ದಿನಗಳಿಗೆ ಹಸಿರು. ಬಿಳಿಯದಕ್ಕೆ ಅವರು ಕಸೂತಿ ಹಾಕಿದರು. ಸಭೆಯ ಹಿರಿಯರೊಬ್ಬರಿಗೆ ಅದು ಸರಿಬರಲಿಲ್ಲ. ಕಸೂತಿ ಅಂದರೆ ತೇರು, ಗೋಪುರ, ತುಳಸಿಕಟ್ಟೆ, ಅದು ಇಲ್ಲಿ ಯಾಕೆ ಅಂತ ಅವರ ತಕರಾರು. ಅಕ್ಕೋರು ವಾದ ಮಾಡಲಿಲ್ಲ. ದೀಪ ಮತ್ತು ಭತ್ತದ ತೆನೆ ಹಾಕಿ ಮುಗಿಸಿದರು. "ದೀಪ ಎಲ್ಲಾರ ಮನ್ಯಾಗೂ ಹಚ್ತಾರ, ಅನ್ನ ಎಲ್ಲಾರೂ ಉಣ್ತಾರ" ಅಂದರಂತೆ. ಆ ಹಿರಿಯರೇ ಆ ವರ್ಷ ಬೆಳೆ ಹಬ್ಬದ ಲಿಲಾವಿನಲ್ಲಿ ಅಕ್ಕೋರು ಹೆಣೆದ ಟೇಬಲ್ ಕ್ಲಾತನ್ನು ಎಲ್ಲರಿಗಿಂತ ಜಾಸ್ತಿ ಕೂಗಿ ಮನೆಗೆ ಒಯ್ದರು.

ಲಿಲಾವು ನನಗೆ ಬಹಳ ಇಷ್ಟದ್ದು. ದೇವಾಲಯದ ಅಂಗಳದಲ್ಲಿ ಬಾಳೆಗೊನೆ, ತೆಂಗಿನಕಾಯಿ, ಕಾಲು ಕಟ್ಟಿದ ಕೋಳಿ, ಅಪ್ಪೆಮಿಡಿ ಉಪ್ಪಿನಕಾಯಿ. ನಮ್ಮ ಮನೆಯಿಂದಲೂ ಒಂದು ಕುಂಬಳಕಾಯಿ ಹೋಗುತ್ತಿತ್ತು. ಒಂದೇ ಮೊಟ್ಟೆಯನ್ನು ಒಬ್ಬರು ಕೊಂಡು ವಾಪಸ್ ಕೊಟ್ಟು, ಇನ್ನೊಬ್ಬರು ಕೊಂಡು ವಾಪಸ್ ಕೊಟ್ಟು, ಹೀಗೆ ಸಂಜೆವರೆಗೆ ಆ ಮೊಟ್ಟೆ ದುಡಿಯುತ್ತಿತ್ತು.

ಯಾಕೆ ಇವರಿಗೆ ಕೈಕೆಲಸ ಅಂದರೆ ಇಷ್ಟು ಜೀವ ಅಂತ ದೊಡ್ಡವಳಾದ ಮೇಲೆ ಒಮ್ಮೆ ಕೇಳಿದ್ದೆ. ಅವರು ತಮ್ಮ ಮುತ್ತಜ್ಜನ ಕಾಲಕ್ಕೆ ಹೋದರು. ಬಾಸೆಲ್ ಮಿಶನ್ ಎಂಬ ಪ್ರಾಟೆಸ್ಟಂಟ್ ಸಂಸ್ಥೆಯವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಆಗ ಆ ಮತಕ್ಕೆ ಸೇರಿದವರಿಗೆ ಮನೆಯೂ ಹೋಯಿತು, ಕುಲಕಸುಬೂ ಹೋಯಿತು. ಊರಿನವರು ಕೆಲಸ ಕೊಡುತ್ತಿರಲಿಲ್ಲ. ಪ್ರಾರ್ಥನೆಯಿಂದ ಹೊಟ್ಟೆ ತುಂಬುತ್ತದೆಯೇ? ಅದಕ್ಕೇ ಮಿಶನ್ನಿನವರು ಮಗ್ಗ ಹಾಕಿದರು. 1851ರಲ್ಲಿ ಹಾಲರ್ ಎಂಬವರು ಬಂದ ಮೇಲೆ ಮಂಗಳೂರಿನ ನೇಯ್ಗೆ ದೊಡ್ಡದಾಯಿತು, ಖಾಕಿ ಬಣ್ಣ ಹುಟ್ಟಿದ್ದು ಅಲ್ಲೇ ಅನ್ನುತ್ತಾರೆ. 1865ರಲ್ಲಿ ಹಂಚಿನ ಕಾರ್ಖಾನೆ ಬಂತು. "ನಿಮ್ಮ ಮನಿ ಮ್ಯಾಲಿನ ಹಂಚು ನೋಡು, ಅದೂ ನಮ್ಮವರ ಕೈಕೆಲಸನ" ಅಂದರು. ಅವರ ಅಜ್ಜಿಯ ತನಕ ಮನೆಯಲ್ಲಿ ಮಗ್ಗದ ಮಾತೇ ಮಾತಂತೆ. ಕೈಯಲ್ಲಿ ಒಂದು ಕೆಲಸ ಇದ್ದರೆ ಯಾರ ಮುಂದೂ ತಲೆ ತಗ್ಗಿಸಬೇಕಿಲ್ಲ ಅನ್ನುವುದು ಅವರ ಮನೆತನದ ನೆನಪಿನಿಂದ ಬಂದದ್ದು. ಜಗಲಿಯಲ್ಲಿ ಹೊಲಿಗೆ ಕಲಿತ ಹತ್ತಾರು ಹೆಂಗಸರು ಆಮೇಲೆ ರವಿಕೆ ಹೊಲಿದೇ ಮಕ್ಕಳನ್ನು ಓದಿಸಿದರು. ಅದರಲ್ಲಿ ಸಭೆಯವರು ನಾಲ್ಕೈದು ಜನ ಇರಬಹುದು.

ಆದರೆ ನನ್ನ ಅಮ್ಮ ಅಲ್ಲಿಗೆ ಹೋದದ್ದು ರವಿಕೆ ಹೊಲಿಯಲಿಕ್ಕಲ್ಲ.

ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಅಮ್ಮನಿಗೆ ಗಂಡುಮಗು ಹುಟ್ಟಿತು. ಮೂರನೇ ದಿನ ತೀರಿಕೊಂಡಿತು. ಅಮ್ಮ ಆಸ್ಪತ್ರೆಯಿಂದ ಬರಿಗೈಯಲ್ಲಿ ಬಂದಳು. ಆ ಮೇಲೆ ಮನೆಯಲ್ಲಿ ಆ ಮಾತು ಯಾರೂ ಎತ್ತಲಿಲ್ಲ. ಅಪ್ಪ ಎತ್ತಲಿಲ್ಲ. ಅಜ್ಜಿ, "ಆಯುಷ್ಯ ಅಷ್ಟೇ ಇತ್ತು, ಮರೆತುಬಿಡು" ಅಂದು ಮುಗಿಸಿದಳು. ಅಮ್ಮ ಅಡುಗೆ ಮಾಡುತ್ತಿದ್ದಳು, ನನಗೆ ಜಡೆ ಹಾಕುತ್ತಿದ್ದಳು. ಮಾತು ಮಾತ್ರ ನಿಂತಿತ್ತು. ಬೇಕು, ಬೇಡ, ಉಪ್ಪು ಸಾಕಾ, ಇಷ್ಟೇ.

ಅಕ್ಕೋರು ಮಾತಾಡಿಸಲು ಬಂದರು. ಎರಡು ಸಲ ಬಂದರು. ಅಮ್ಮ ಚಹಾ ಕೊಟ್ಟು ಗೋಡೆ ನೋಡುತ್ತಾ ಕೂತಳು. ಮೂರನೇ ಸಲ ಅವರು ಸಾಂತ್ವನದ ಮಾತು ಹೇಳಲಿಲ್ಲ, ಪ್ರಾರ್ಥನೆ ಮಾಡ್ತೀನಿ ಅಂತಲೂ ಅನ್ನಲಿಲ್ಲ. "ಕ್ರಿಸ್ಮಸ್‌ಗೆ ನಕ್ಷತ್ರ ಹೆಣೀಬೇಕು, ಅರವತ್ತು. ನನ್ನೊಬ್ಬಾಕಿ ಕೈಲಿ ಆಗಂಗಿಲ್ಲ. ಬರ್ತೀರೇನ್ರಿ ಬಾಯಿ?" ಅಂತ ಕೇಳಿದರು. ಕೆಲಸಕ್ಕೆ ಕರೆದಿದ್ದಾರೆ ಅಂತ ಅಮ್ಮ ಹೋದಳು.

ಮಳೆಗಾಲ ಮುಗಿಯುವ ಹೊತ್ತು. ನಮ್ಮ ಕರಾವಳಿಯ ಮಳೆಯಲ್ಲಿ ಸೂಜಿಗೆ ತುಕ್ಕು ಹಿಡಿಯುತ್ತದೆ, ದಾರ ಒದ್ದೆಯಾದ ಹಾಗಾಗಿ ಕಡ್ಡಿಗೆ ಅಂಟುತ್ತದೆ. ಅಕ್ಕೋರು ಸೂಜಿಗಳನ್ನು ಮಶೀನಿನ ಎಣ್ಣೆ ಹಚ್ಚಿದ ಬಟ್ಟೆಗೆ ಚುಚ್ಚಿ ಡಬ್ಬಿಯಲ್ಲಿಡುತ್ತಿದ್ದರು. ಆ ಎಣ್ಣೆ, ಒದ್ದೆ ಮಣ್ಣು, ಒಳಗಿನಿಂದ ಬರುವ ಚಹಾ, ಈ ಮೂರೂ ಸೇರಿದ ಒಂದು ವಾಸನೆ ಇದೆ. ನನ್ನ ಮೂಗಿನಿಂದ ಅದು ಹೋಗಿಲ್ಲ. ಶಾಲೆ ಬಿಟ್ಟು ನಾನು ಸೀದಾ ಅಲ್ಲಿಗೆ ಹೋಗಿ ಮೆಟ್ಟಿಲ ಮೇಲೆ ಹೋಮ್‌ವರ್ಕ್ ಮಾಡುತ್ತಿದ್ದೆ. ಇಬ್ಬರೂ ಪಕ್ಕಪಕ್ಕ ಕೂತಿರುತ್ತಿದ್ದರು, ಎದುರುಬದುರಲ್ಲ. ಇಬ್ಬರ ಕಣ್ಣೂ ತಂತಮ್ಮ ಕಡ್ಡಿಯ ಮೇಲೆ. ವಾರಗಟ್ಟಲೆ ಮಾತೇ ಇರಲಿಲ್ಲ. ನಕ್ಷತ್ರ ಅರವತ್ತಾಯಿತು, ಎಂಬತ್ತಾಯಿತು. ಕ್ರಿಸ್ಮಸ್ ಮುಗಿಯಿತು. ಅಕ್ಕೋರು ಇನ್ನೇನೋ ಕೆಲಸ ಹುಡುಕಿದರು.

ಜನವರಿಯ ಒಂದು ಸಂಜೆ ಅಮ್ಮನ ಧ್ವನಿ ಕೇಳಿಸಿತು. ಕೈ ನಿಂತಿರಲಿಲ್ಲ, ಕಣ್ಣೂ ಮೇಲೆದ್ದಿರಲಿಲ್ಲ. ಒಂದು ಸಾಲು ಹೆಣೆಯುತ್ತಾಳೆ, ಒಂದು ಮಾತು ಹೇಳುತ್ತಾಳೆ. ನನಗೆ ಪೂರ್ತಿ ಕೇಳಲಿಲ್ಲ, ಕೇಳಬಾರದು ಅಂತಲೂ ಅನಿಸಿತು. ಅಕ್ಕೋರು ಹೂಂ ಅಂತ ಕೂಡ ಅನ್ನಲಿಲ್ಲ. ಅವರ ಕಡ್ಡಿಯೂ ನಿಲ್ಲಲಿಲ್ಲ. ಕತ್ತಲಾಗಿ ಕಣ್ಣು ಕಾಣದ ತನಕ ಇಬ್ಬರೂ ಹೆಣೆದರು.

ಎಷ್ಟೋ ವರ್ಷದ ಮೇಲೆ ಈ ಬಗ್ಗೆ ಕೇಳಿದಾಗ ಅವರು ಅಂದದ್ದು ಇಷ್ಟೇ: "ಮಾರಿ ನೋಡಿ ಕೇಳಿದರ ಯಾರೂ ಹೇಳಂಗಿಲ್ಲ. ಕಣ್ಣು ಕೆಲಸದಾಗ ಇದ್ದರ ತಾವ ಹೇಳ್ತಾರ." ಆ ಜಗಲಿಯಲ್ಲಿ ಯಾರ್ಯಾರು ಏನೇನು ಹೇಳಿಕೊಂಡರೋ. ಕುಡಿದು ಹೊಡೆಯುವ ಗಂಡನ ಮಾತು, ಬೇಸಾಯದ ಸಾಲ, ನೌಕಾನೆಲೆಗಾಗಿ ಕಡಲಂಚಿನ ಊರು ಬಿಡಬೇಕಾದವರ ಸಂಕಟ. ಅಲ್ಲಿನ ಒಂದು ಮಾತೂ ಗೇಟು ದಾಟಿದ್ದನ್ನು ನಾನು ಕೇಳಿಲ್ಲ. ಕಾರವಾರದಂಥ ಊರಲ್ಲಿ ಇದು ಸಣ್ಣ ವಿಷಯವಲ್ಲ. ಅವರ ಕ್ರೋಶಾವನ್ನು ಹೊತ್ತು ಕಳೆಯುವ ಹವ್ಯಾಸ ಅಂತ ಯಾರಾದರೂ ಅಂದರೆ ನನಗೆ ಸಿಟ್ಟು ಬರುತ್ತದೆ. ಅಯ್ಯನೋರಿಗೆ ಪ್ರಸಂಗ ಪೀಠ ಇದ್ದ ಹಾಗೆ ಅವರಿಗೆ ಅದು.

ಅಮ್ಮ ಬಸುರಿಯಾಗಿದ್ದಾಗ ಅಕ್ಕೋರು ಒಂದು ಟೋಪಿ ಹೆಣೆದು ಕೊಟ್ಟಿದ್ದರು. ಬಿಳಿ ಟೋಪಿ, ಅಂಚಿಗೆ ಸಣ್ಣ ಚಿಪ್ಪಿನಂಥ ಹೆಣಿಗೆ. ಮಗುವಿಗೆ ಅದನ್ನು ಹಾಕಲೇ ಇಲ್ಲ. ಬೀರುವಿನಲ್ಲಿ ಸೀರೆಯ ಕೆಳಗೆ ಇತ್ತು. ಅದನ್ನು ಅಮ್ಮ ಒಂದು ದಿನ ಜಗಲಿಗೆ ಒಯ್ದಳು. ತಾನೇ ತುದಿ ಹುಡುಕಿದಳು. ಸರ್ರನೆ ಎಳೆಯಲಿಲ್ಲ, ಸಾಲು ಸಾಲಾಗಿ ನಿಧಾನ ಬಿಚ್ಚಿದಳು. ದಾರ ಸುರುಳಿ ಸುರುಳಿಯಾಗಿ ನಿಂತಿತ್ತು, ಹೆಣೆದಿದ್ದ ಆಕಾರ ಅದಕ್ಕೆ ಮರೆತಿರಲಿಲ್ಲ. ಅಕ್ಕೋರು ಅದನ್ನು ನೀರಲ್ಲಿ ಅದ್ದಿ, ಕುರ್ಚಿಯ ಬೆನ್ನಿಗೆ ಸುತ್ತಿ ಒಣಗಲು ಬಿಟ್ಟರು. ದೇವಾಲಯದಲ್ಲಿ ಸತ್ಯವೇದ, ಅಂದರೆ ಬೈಬಲ್, ಇಡುವ ಪೀಠದ ಬಟ್ಟೆಗೆ ಆಗ ಅಂಚು ಹಾಕುತ್ತಿದ್ದರು. ಒಂದು ಟೋಪಿಯ ದಾರ ಎಷ್ಟಿರುತ್ತದೆ? ಒಂದು ಮೂಲೆಗೆ ಸಾಕಾಯಿತು. ಆ ಮೂಲೆಯನ್ನು ಅಮ್ಮನೇ ಹೆಣೆದಳು. ನಮ್ಮದು ದಿನಾ ದೇವರಿಗೆ ದೀಪ ಹಚ್ಚುವ, ಶಿವರಾತ್ರಿಗೆ ಗೋಕರ್ಣಕ್ಕೆ ಹೋಗುವ ಮನೆ. ಅದರ ಬಗ್ಗೆ ಯಾರೂ ಏನೂ ಅನ್ನಲಿಲ್ಲ. ಅಂದಿದ್ದರೂ ಅಮ್ಮ ಕೇಳುತ್ತಿರಲಿಲ್ಲ.

ಆಮೇಲೆ ಅವರಿಗೆ ವರ್ಗವಾಯಿತು. ಮಶೀನು ಲಾರಿ ಹತ್ತಿತು. ಬೇರೆ ಬೇರೆ ಊರು, ಬೇರೆ ಬೇರೆ ಜಗಲಿ. ಯಲ್ಲಾಪುರದ ಕಡೆ ಹೋಗಿಬಂದು ಮಾಡುತ್ತಿದ್ದ ಕಾಲದಲ್ಲಿ ಅವರಿಗೆ ಸಿದ್ದಿ ಹೆಂಗಸರ ಪರಿಚಯವಾಯಿತು. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಗೋವಾಕ್ಕೆ ಗುಲಾಮರಾಗಿ ಬಂದು, ತಪ್ಪಿಸಿಕೊಂಡು ನಮ್ಮ ಘಟ್ಟದ ಕಾಡು ಸೇರಿದವರ ಸಂತತಿ ಅವರು. ಅವರಲ್ಲಿ ಹಿಂದೂಗಳು, ಮುಸ್ಲಿಮರು, ಕ್ರಿಶ್ಚಿಯನ್ನರು ಮೂವರೂ ಇದ್ದಾರೆ. ಮೂವರೂ ಹೊಲಿಯುವುದು ಅದೇ ಕೌದಿ, ಅವರ ಮಾತಲ್ಲಿ ಕವಂದಿ. ಹಳೇ ಸೀರೆ, ಅಂಗಿ, ಲುಂಗಿಯ ತುಂಡುಗಳು. ಒಂದು ಮೂಲೆಯಿಂದ ಶುರುಮಾಡಿ, ಅಂಚಿನ ಗುಂಟ ಸುತ್ತು ಹಾಕುತ್ತಾ ಹಾಕುತ್ತಾ ನಡುವಿಗೆ ಬಂದು ಮುಗಿಸುತ್ತಾರೆ. ನಾಲ್ಕು ಮೂಲೆಗೂ ಬಟ್ಟೆ ಮಡಚಿ ಮಾಡಿದ ಹೂವು, ಅದಕ್ಕೆ ಫುಲಾ ಅನ್ನುತ್ತಾರೆ. ಫುಲಾ ಇಲ್ಲದಿದ್ದರೆ ಕೌದಿ ಬತ್ತಲೆ ಅಂತ ಅಲ್ಲಿನ ಅಜ್ಜಿಯೊಬ್ಬಳು ಗದರಿದಳಂತೆ. ಐವತ್ತು ದಾಟಿದ ಅಕ್ಕೋರು ಆ ಅಜ್ಜಿಯ ಮುಂದೆ ಹೊಸದಾಗಿ ಸೂಜಿ ಹಿಡಿದು ಕೂತರು. ನನಗೆ ಬರೆದ ಪತ್ರದಲ್ಲಿ ಇದೇ ತುಂಬಿತ್ತು. ತಮ್ಮ ನೇರ ಹೊಲಿಗೆಗಿಂತ ಆ ಅಜ್ಜಿಯ ಸೊಟ್ಟ ಹೊಲಿಗೆ ಗಟ್ಟಿ ಅಂತ ಒಪ್ಪಿಕೊಂಡು ಬರೆದಿದ್ದರು.

ನಿವೃತ್ತಿಯಾದ ಮೇಲೆ ಶಿರಸಿಯಲ್ಲಿ ಬಾಡಿಗೆ ಮನೆ ಮಾಡಿದರು. ಜೀವನವಿಡೀ ಸಭೆಯ ಮನೆಯಲ್ಲಿ ಇದ್ದವರಿಗೆ ಸ್ವಂತ ಮನೆ ಎಲ್ಲಿಂದ ಬರಬೇಕು? ಅಯ್ಯನೋರು ಮೊದಲೇ ಹೋದರು.

ಮಣ್ಣಿಗೆ ನಾನು ದೇವಿಮನೆ ಘಟ್ಟ ಹತ್ತಿ ಹೋದೆ. ಅಮ್ಮನಿಗೆ ಅಷ್ಟು ದೂರ ಬಸ್ಸಿನಲ್ಲಿ ಕೂರಲು ಈಗ ಆಗುವುದಿಲ್ಲ. ಮನೆಯಲ್ಲಿ ಎಲ್ಲಾ ಹಾಗೇ ಇತ್ತು. ಟಿವಿಯ ಮೇಲೆ ಕ್ರೋಶಾ, ಕುರ್ಚಿಯ ಬೆನ್ನಿಗೆ ಕ್ರೋಶಾ, ನೀರಿನ ತಂಬಿಗೆಯ ಮೇಲೆ ಅಂಚಿಗೆ ಮಣಿ ಪೋಣಿಸಿದ ಮುಚ್ಚಳ. ಆ ಮಣಿ ಚಂದಕ್ಕಲ್ಲ, ಗಾಳಿಗೆ ಹಾರದಿರಲಿ ಅಂತ. ಪ್ರಸಂಗ ಮಾಡಿದ ಪಾಲಕರು ಬೈಬಲಿನ ಜ್ಞಾನೋಕ್ತಿ ಪುಸ್ತಕದಿಂದ ಗುಣವತಿಯಾದ ಸತಿಯ ಭಾಗ ಓದಿದರು. ಪಾಲಕರ ಹೆಂಡತಿ ತೀರಿಕೊಂಡರೆ ಅದನ್ನು ಓದುವುದು ವಾಡಿಕೆಯೇನೋ. ನನಗೆ ಮಾತ್ರ ಅಕ್ಕೋರು ಯಾವಾಗಲೂ ಹೇಳುತ್ತಿದ್ದ ತಬಿಥಾ ನೆನಪಾದಳು. ಬೈಬಲಿನ ಅಪೊಸ್ತಲರ ಕೃತ್ಯಗಳು 9ನೇ ಅಧ್ಯಾಯದಲ್ಲಿ ಬರುತ್ತಾಳೆ. ಯೊಪ್ಪ ಎಂಬ ಊರು, ಅದೂ ಕಡಲ ದಂಡೆಯದೇ. ಅವಳು ಸತ್ತಾಗ ಊರಿನ ವಿಧವೆಯರೆಲ್ಲ ಅಳುತ್ತಾ ಅವಳು ಹೊಲಿದುಕೊಟ್ಟ ಬಟ್ಟೆಗಳನ್ನು ಯೇಸುವಿನ ಶಿಷ್ಯ ಪೇತ್ರನಿಗೆ ತೋರಿಸುತ್ತಾರೆ. ಅವಳು ಆಡಿದ ಒಂದು ಮಾತೂ ಆ ಅಧ್ಯಾಯದಲ್ಲಿ ಇಲ್ಲ. "ನೋಡು, ಆಕಿ ಮಾತು ಯಾರೂ ಬರದಿಲ್ಲ, ಅಂಗಿ ಬರದಾರ" ಅಂತ ಅಕ್ಕೋರಿಗೆ ಅದೇ ದೊಡ್ಡ ಖುಷಿ.

ಹೊರಡುವಾಗ ಮಗಳು ಒಂದು ಡಬ್ಬಿ ಕೊಟ್ಟಳು. ಎಣ್ಣೆ ಬಟ್ಟೆ, ಸೂಜಿಗಳು, ಎರಡು ಕ್ರೋಶಾ ಕಡ್ಡಿ, ಅರ್ಧ ಉಂಡೆ ಬಿಳಿ ದಾರ. ಒಂದು ಕಡ್ಡಿಯ ನಡು ಸವೆದು, ಹೆಬ್ಬೆರಳು ಕೂರುವಷ್ಟು ತಗ್ಗಾಗಿತ್ತು.

ರಾತ್ರಿ ಮನೆಗೆ ಬಂದು ಅಮ್ಮನಿಗೆ ಎಲ್ಲಾ ಹೇಳಿದೆ. ಅಮ್ಮ ಡಬ್ಬಿ ತೆರೆದು ಮೂಸಿ ನೋಡಿದಳು, ಮುಚ್ಚಿಟ್ಟಳು. ಅಳಲಿಲ್ಲ. ಮಾರನೇ ದಿನ ಮಧ್ಯಾಹ್ನ ನಾನು ಫೋನ್ ಒಳಗಿಟ್ಟು ಬಂದು ಅವಳ ಪಕ್ಕ ಕೂತೆ. ಸವೆದ ಕಡ್ಡಿ ಅವಳಿಗೆ ಕೊಟ್ಟೆ, ಇನ್ನೊಂದು ನಾನು ಹಿಡಿದೆ. ಅವಳ ಕೈ ಈಗ ನಡುಗುತ್ತದೆ, ಆದರೂ ಸರಪಳಿ ತಪ್ಪಲಿಲ್ಲ. ನನ್ನದೇ ತಪ್ಪುತ್ತಿತ್ತು. ಹೊರಗೆ ಮಳೆ ಜೋರಾಗಿತ್ತು. ನಾಲ್ಕೈದು ಸಾಲಾಗಿರಬೇಕು. ನಾನು ಕಡ್ಡಿಯಿಂದ ಕಣ್ಣೆತ್ತಲಿಲ್ಲ.

"ಆ ಟೋಪಿ ಅವನಿಗೆ ಚಿಕ್ಕದಾಗ್ತಿತ್ತು" ಅಂದಳು ಅಮ್ಮ. "ತಲೆ ತುಂಬ ಕೂದಲು ಅವನಿಗೆ. ನಿನಗೆ ಇರಲಿಲ್ಲ."